ಮುಳುಗಲೂಬಾರದು, ತೇಲಲೂಬಾರದು: ಒಂದು ಹಗ್ಗದ ಲೆಕ್ಕ

ನೀರೊಳಗೆ ಓಡಾಡುವ ಪುಟ್ಟ ವಾಹನವನ್ನು ಮನೆಯಲ್ಲೇ ಕಟ್ಟುವವರು ಈಗ ಕಡಿಮೆಯೇನಿಲ್ಲ. ಪಿವಿಸಿ ಪೈಪಿನ ಚೌಕಟ್ಟು, ಮೂರ್ನಾಲ್ಕು ಸಣ್ಣ ಮೋಟಾರು, ಒಂದು ಕ್ಯಾಮೆರಾ, ನೀರು ಹೋಗದ ಡಬ್ಬಿ. ಇವುಗಳ ಬಗ್ಗೆ ಕೇಳಿದರೆ ಯಾರಾದರೂ ಗಂಟೆಗಟ್ಟಲೆ ಹೇಳುತ್ತಾರೆ. ವಾಹನವನ್ನು ದಡಕ್ಕೆ ಜೋಡಿಸುವ ಹಗ್ಗದ ಬಗ್ಗೆ ಕೇಳಿ ನೋಡಿ. "ಒಂದು ಲ್ಯಾನ್ ಕೇಬಲ್ ಬಿಟ್ರೆ ಆಯ್ತು" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ವಾಹನ ಎಷ್ಟು ದೂರ ಹೋಗುತ್ತದೆ, ಎಷ್ಟು ಆಳಕ್ಕೆ ಇಳಿಯುತ್ತದೆ, ಕೊನೆಗೆ ವಾಪಸ್ ಬರುತ್ತದೋ ಇಲ್ಲವೋ, ಇವನ್ನೆಲ್ಲ ತೀರ್ಮಾನಿಸುವುದು ಹಗ್ಗವೇ ಹೊರತು ಮೋಟಾರಲ್ಲ.

ಹಗ್ಗವೇ ಬೇಡ ಅನ್ನುವ ಹಾಗಿಲ್ಲ. ವೈಫೈ ಸಿಗ್ನಲ್ ಒಂದೆರಡು ಗೇಣು ನೀರಲ್ಲೇ ಸತ್ತುಹೋಗುತ್ತದೆ. ಆಕಾಶದಲ್ಲಿ ಕಿಲೋಮೀಟರುಗಟ್ಟಲೆ ಹಾರುವ ಡ್ರೋನಿನ ರಿಮೋಟು ಕೆರೆಯೊಳಗೆ ಉಪಯೋಗಕ್ಕೆ ಬಾರದು. ಹಾಗಾಗಿ ಚಿತ್ರ ಮೇಲೆ ಬರಲಿಕ್ಕೆ, ಅಪ್ಪಣೆ ಕೆಳಗೆ ಹೋಗಲಿಕ್ಕೆ ತಂತಿ ಬೇಕೇ ಬೇಕು. ದೊಡ್ಡವರ ಕಥೆಯೂ ಇದೇ. ಜಪಾನಿನ ಕೈಕೋ ಅನ್ನುವ ವಾಹನ 1995ರಲ್ಲಿ ಮರಿಯಾನಾ ಕಂದಕದ ತಳ ಮುಟ್ಟಿತು. ಸುಮಾರು 10,900 ಮೀಟರ್ ಆಳ. ಅಷ್ಟು ಒತ್ತಡ ತಡೆದುಕೊಂಡ ಆ ಯಂತ್ರವನ್ನು 2003ರಲ್ಲಿ ಕಳೆದುಕೊಂಡರು. ಕಾರಣ ಒತ್ತಡವಲ್ಲ, ಮೋಟಾರಲ್ಲ. ಕೇಬಲ್ ತುಂಡಾಯಿತು.

ನನಗೆ ಬೇಕಾಗಿದ್ದು ಕಂದಕವಲ್ಲ, ಮೂಡಿಗೆರೆ ಕಡೆಯ ಚಿಕ್ಕಪ್ಪನ ತೋಟದ ಕೆರೆ. ಐದಾರು ಮೀಟರ್ ಆಳ ಇರಬಹುದು, ಅಷ್ಟೆ. ರೋಬಸ್ಟಾ ಕಾಫಿ ಇರುವವರಿಗೆ ಫೆಬ್ರವರಿ, ಮಾರ್ಚ್ ಅಂದರೆ ಏನು ಅಂತ ಗೊತ್ತಿರುತ್ತದೆ. ಹೂವಿಗೆ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು. ಅದೇ ಹೊತ್ತಿಗೆ ಸರಿಯಾಗಿ ಪಂಪು ಏರ್ ಹಿಡಿಯುತ್ತದೆ. ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಸುತ್ತ ಸಿಲ್ವರ್ ಓಕ್ ಎಲೆ, ಕೆಸರು, ಕೊಳೆತ ಕೊಂಬೆ ಸೇರಿಕೊಂಡಿರುತ್ತದೆ. ಯಾರಾದರೂ ಆ ಕಂದು ನೀರಿಗೆ ಇಳಿದು, ಉಸಿರು ಕಟ್ಟಿ, ಕೈಯಲ್ಲಿ ತಡಕಾಡಿ ಹೇಳಬೇಕು. ಎಲೆಯೋ, ವಾಲ್ವೇ ಮುರಿದಿದೆಯೋ, ಪೈಪು ಕೆಸರಲ್ಲಿ ಹೂತಿದೆಯೋ ಅಂತ. ಈ ಕೆಲಸಕ್ಕೆ ಮನುಷ್ಯರನ್ನು ಇಳಿಸುವುದು ನನಗೆ ಮೊದಲಿನಿಂದಲೂ ಸರಿ ಕಂಡಿಲ್ಲ. ಕೊಂಬೆಗೆ ಕಾಲು ಸಿಕ್ಕಿದರೆ ಮುಗಿಯಿತು. ನೋಡಿ ಬರಲಿಕ್ಕೆ ಒಂದು ಕ್ಯಾಮೆರಾ ಸಾಕು, ಅಲ್ವಾ?

ಈಗ ಲೆಕ್ಕಕ್ಕೆ ಬರೋಣ.

ಸಾಮಾನ್ಯ ಲ್ಯಾನ್ ಕೇಬಲ್ ಐದು ಮಿಲಿಮೀಟರ್ ದಪ್ಪ. ಮೀಟರಿಗೆ 30 ಗ್ರಾಂ ಆಸುಪಾಸು ತೂಕ. ಅಷ್ಟು ದಪ್ಪದ ಒಂದು ಮೀಟರ್ ಕೇಬಲ್ ಪಕ್ಕಕ್ಕೆ ತಳ್ಳುವ ನೀರು ಸುಮಾರು 20 ಗ್ರಾಂ. ಅಂದರೆ ನೀರೊಳಗೆ ಮೀಟರಿಗೆ 10 ಗ್ರಾಂ ಭಾರ ಉಳಿಯುತ್ತದೆ. 30 ಮೀಟರ್ ಬಿಟ್ಟರೆ 300 ಗ್ರಾಂ. ಕೇಳಲಿಕ್ಕೆ ಸಣ್ಣದು. ಆದರೆ ಈ ಭಾರ ಹೋಗಿ ಕೂರುವುದು ಕೆರೆಯ ತಳದಲ್ಲಿ, ಕೆಸರು ಎಬ್ಬಿಸಿಕೊಂಡು, ಕೊಂಬೆಗಳ ನಡುವೆ ನುಸುಳಿಕೊಂಡು. ಕ್ಯಾಮೆರಾ ಮುಂದೆ ಹೋದಷ್ಟೂ ಹಿಂದೆ ಕೇಬಲ್ ಉಳುಮೆ ಮಾಡುತ್ತಾ ಬರುತ್ತದೆ. ಆಮೇಲೆ ಪರದೆಯಲ್ಲಿ ಕಾಣುವುದು ಕಾಫಿ ಬಣ್ಣದ ಮೋಡ ಮಾತ್ರ.

ಹಾಗಂತ ಸಿಕ್ಕಾಪಟ್ಟೆ ಬೆಂಡು ಕಟ್ಟಿದರೆ ಇನ್ನೊಂದು ತೊಂದರೆ. ಮೀಟರಿಗೆ 20 ಗ್ರಾಂ ಮೇಲಕ್ಕೆ ಎಳೆಯುವ ಹಗ್ಗ 30 ಮೀಟರಿಗೆ 600 ಗ್ರಾಂ ಎಳೆಯುತ್ತದೆ. ಮನೆಯಲ್ಲಿ ಮಾಡಿದ ವಾಹನದ ಸಣ್ಣ ಮೋಟಾರಿಗೆ ಅದರ ವಿರುದ್ಧ ಕೆಳಗೆ ಇಳಿಯುವುದೇ ದೊಡ್ಡ ಸಾಹಸ. ಮೇಲೆ ತೇಲುವ ಹಗ್ಗವನ್ನು ಗಾಳಿ ತಳ್ಳುತ್ತದೆ, ದಡದ ಹುಲ್ಲು ಹಿಡಿದುಕೊಳ್ಳುತ್ತದೆ.

ಚಿಕ್ಕಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಏನೋ, ಮಿಷನ್ ಕಟ್ಟೋದು ಬಿಟ್ಟು ಹಗ್ಗ ಹಿಡ್ಕೊಂಡು ಕೂತಿದ್ದೀಯಲ್ಲೋ. ಅದು ತೇಲ್ಬೇಕೋ, ಮುಳುಗ್ಬೇಕೋ?"

"ಎರಡೂ ಬೇಡ ಚಿಕ್ಕಪ್ಪ. ಬಿಟ್ಟಲ್ಲೇ ನಿಲ್ಬೇಕು."

"ಹಂಗೆ ನಿಲ್ಲೋದು ಯಾವ್ದೂ ನಾನು ನೋಡಿಲ್ಲ," ಅಂದರು.

ಸರಿಯಾದ ಮಾತೇ. ಪೂರ್ತಿ ಸಮತೂಕ ಅನ್ನುವುದು ಕಾಗದದ ಮೇಲೆ ಮಾತ್ರ. ಆದರೂ ಅದರ ಹತ್ತಿರ ಹೋಗಬಹುದು.

ಭಾರ ಅಳೆಯುವುದು ಸುಲಭ. ನೀರಿನ ಎಳೆತ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಜನ ಮರೆಯುತ್ತಾರೆ. ನನ್ನ ವಾಹನದ ಮುಖ 30 ಸೆಂಟಿಮೀಟರ್ ಅಗಲ, 25 ಎತ್ತರ. ಅಂದರೆ 0.075 ಚದರ ಮೀಟರ್. ಎಂಟು ಮಿಲಿಮೀಟರ್ ದಪ್ಪದ ಹಗ್ಗ 30 ಮೀಟರ್ ಇದ್ದು, ಅಡ್ಡಡ್ಡವಾಗಿ ನೀರನ್ನು ತಳ್ಳಿದರೆ? 0.24 ಚದರ ಮೀಟರ್. ವಾಹನದ ಮೂರು ಪಟ್ಟಿಗಿಂತ ಜಾಸ್ತಿ! ಹಗ್ಗ ಯಾವಾಗಲೂ ಪೂರ್ತಿ ಅಡ್ಡ ನಿಲ್ಲುವುದಿಲ್ಲ, ಬಾಗಿಕೊಂಡು ಬರುತ್ತದೆ, ನಿಜ. ಆದರೂ ಮೋಟಾರು ದುಡಿಯುತ್ತಿರುವುದು ಯಾರಿಗೋಸ್ಕರ ಅಂತ ಇದರಿಂದ ಗೊತ್ತಾಗುತ್ತದೆ. ಒಂದು ಸಮಾಧಾನ ಇದೆ. ಎಳೆತ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ವೇಗ ಅರ್ಧ ಮಾಡಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಕೆರೆಯಲ್ಲಿ ಯಾರಿಗೆ ಅವಸರ?

ಮೊದಲ ಉಳಿತಾಯ ತಂತಿಯಲ್ಲಿ. ಲ್ಯಾನ್ ಕೇಬಲ್ಲಿನೊಳಗೆ ನಾಲ್ಕು ಜೋಡಿ ತಂತಿ, ಅದರ ಮೇಲೆ ಪಿವಿಸಿ ಹೊದಿಕೆ. ಪಿವಿಸಿ ನೀರಿಗಿಂತ ಭಾರ. ಅಷ್ಟೆಲ್ಲ ಬೇಕೇ? ಕ್ಯಾಲಿಫೋರ್ನಿಯಾದ ಎರಿಕ್ ಸ್ಟ್ಯಾಕ್‌ಪೋಲ್ ಮತ್ತು ಡೇವಿಡ್ ಲ್ಯಾಂಗ್ ಶುರುಮಾಡಿದ ಓಪನ್‌ಆರ್‌ಒವಿ ಅನ್ನುವ ನೀರೊಳಗಿನ ವಾಹನದ ಯೋಜನೆಯಲ್ಲಿ ಒಂದೇ ಒಂದು ಜೋಡಿ ತಂತಿ ಬಳಸಿದ್ದರು. ಮನೆಯ ಕರೆಂಟ್ ವೈರಿನ ಮೇಲೆಯೇ ಇಂಟರ್‌ನೆಟ್ ಕಳಿಸುವ ಅಡಾಪ್ಟರುಗಳು ಸಿಗುತ್ತವಲ್ಲ, ಅದರ ಒಳಗಿನ ಬೋರ್ಡನ್ನು ಎರಡೂ ತುದಿಗೆ ಹಾಕಿದರೆ ಚಿತ್ರ, ಅಪ್ಪಣೆ ಎಲ್ಲವೂ ಒಂದೇ ಜೋಡಿಯಲ್ಲಿ ಹೋಗುತ್ತದೆ. ನಾನೂ ಅದನ್ನೇ ಹಿಡಿದೆ. (ಕರೆಂಟಿನ ಕೆಲಸ ಗೊತ್ತಿಲ್ಲದವರು ಆ ಅಡಾಪ್ಟರ್ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ.) ಎರಡು ತಂತಿಯನ್ನು ಒಂದಕ್ಕೊಂದು ಹುರಿ ಹಾಕಿದರೆ ಹೊರಗಿನ ಕರೆಂಟಿನ ಗಲಾಟೆ ಸಿಗ್ನಲ್ಲಿಗೆ ಕಡಿಮೆ ಸೇರುತ್ತದೆ ಅನ್ನುವುದು ಹಳೆಯ ಉಪಾಯ. ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ.

ಬ್ಯಾಟರಿಯನ್ನು ದಡದಲ್ಲಿಟ್ಟು ಅದೇ ತಂತಿಯಲ್ಲಿ ಕರೆಂಟ್ ಕೊಡಬಹುದಲ್ಲ ಅಂತ ಕೇಳುವವರಿದ್ದಾರೆ. 24 ಗೇಜಿನ ತಾಮ್ರದ ತಂತಿ 30 ಮೀಟರ್ ಹೋಗಿ ಬರುವಷ್ಟರಲ್ಲಿ 5 ಓಮ್ ತಡೆ ಇರುತ್ತದೆ. ಮೋಟಾರು 3 ಆಂಪಿಯರ್ ಎಳೆದರೆ 15 ವೋಲ್ಟ್ ದಾರಿಯಲ್ಲೇ ಖರ್ಚು. ನಾವು ಕೊಡುವುದೇ 12 ವೋಲ್ಟ್! ದಪ್ಪ ತಂತಿ ಹಾಕಿದರೆ ಭಾರ. ಹಾಗಾಗಿ ಬ್ಯಾಟರಿ ವಾಹನದಲ್ಲೇ ಇರಬೇಕು.

ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಕೇಬಲ್ಲುಗಳಲ್ಲಿ ಎಷ್ಟೋ ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ್ದು. ತೂಕ ಕಡಿಮೆ ಅಂತ ಆಸೆಯಾಗುತ್ತದೆ. ಆದರೆ ಅದರ ತಡೆ ಜಾಸ್ತಿ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ, ನೀರು ತಾಗಿದರೆ ಬೇಗ ತಿಂದುಹೋಗುತ್ತದೆ. ಚಾಕುವಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡಿ. ಇನ್ನೊಂದು ವಿಷಯ. ಗೋಡೆಯೊಳಗೆ ಎಳೆಯುವ ಕೇಬಲ್ಲಿನಲ್ಲಿ ಒಂಟಿ ಗಟ್ಟಿ ತಂತಿ ಇರುತ್ತದೆ. ಪ್ಯಾಚ್ ಕಾರ್ಡಿನಲ್ಲಿ, ಅಂದರೆ ಎರಡೂ ತುದಿಗೆ ಪ್ಲಗ್ ಹಾಕಿ ಮಾರುವ ಲ್ಯಾನ್ ಕೇಬಲ್ಲಿನಲ್ಲಿ, ಸಣ್ಣ ಎಳೆಗಳು. ಸುತ್ತಿ ಬಿಚ್ಚಿ ಮಾಡುವ ಹಗ್ಗಕ್ಕೆ ಎಳೆಗಳಿರುವುದೇ ಒಳ್ಳೆಯದು. ಉದ್ದನೆಯ ಪ್ಯಾಚ್ ಕಾರ್ಡಿನ ಹೊದಿಕೆ ಸೀಳಿ ಒಂದು ಜೋಡಿ ತೆಗೆದುಕೊಂಡೆ.

ಆ ಒಂದು ಜೋಡಿ ಮೀಟರಿಗೆ ಬರೀ ನಾಲ್ಕೂವರೆ ಗ್ರಾಂ. ನೀರೊಳಗೆ ಉಳಿಯುವ ಭಾರ ಹತ್ತಿರ ಹತ್ತಿರ ಮೂರು ಗ್ರಾಂ. ಆದರೆ ಒಂದೊಂದು ತಂತಿ ನಾಲ್ಕೈದು ಕಿಲೋ ಎಳೆತಕ್ಕೇ ತುಂಡಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಉಗುರು ತಾಗಿದರೆ ಗೀರು ಬೀಳುವಷ್ಟು ತೆಳ್ಳಗೆ. ಇದನ್ನು ಬೆತ್ತಲೆಯಾಗಿ ಕೊಂಬೆಗಳ ನಡುವೆ ಬಿಡುವ ಹಾಗಿಲ್ಲ. ಅದಕ್ಕೊಂದು ಕವಚ ಬೇಕು. ಆ ಕವಚವೇ ಅದನ್ನು ತೇಲಿಸಬೇಕು.

ಇಲ್ಲಿ ಬಹಳ ಜನ ಫೋಮ್ ಕಡೆ ಹೋಗುತ್ತಾರೆ. ಎಸಿ ಪೈಪಿಗೆ ಸುತ್ತುವ ಫೋಮು, ಕಟ್ಟಡದ ಬಿರುಕಿಗೆ ತುಂಬುವ ಬ್ಯಾಕರ್ ರಾಡು, ಥರ್ಮಾಕೋಲು, ಹಳೇ ಹವಾಯಿ ಚಪ್ಪಲಿಯ ತುಂಡು. ಎಲ್ಲವೂ ತೇಲುತ್ತವೆ, ಮೇಲ್ಗಡೆ. ಆಳಕ್ಕೆ ಹೋದಂತೆ ಮೆತ್ತಗಿನ ಫೋಮ್ ಕುಗ್ಗುತ್ತದೆ. ಐದು ಮೀಟರಿನಲ್ಲಿ ಒತ್ತಡ ಒಂದೂವರೆ ಪಟ್ಟು, ಹತ್ತು ಮೀಟರಿನಲ್ಲಿ ಎರಡು ಪಟ್ಟು. ಒಳಗಿರುವುದು ಗಾಳಿ ತಾನೇ? ಮೇಲೆ ಸರಿಯಾಗಿ ತೂಗಿ ಕಟ್ಟಿದ ಹಗ್ಗ ಕೆಳಗೆ ಹೋಗುತ್ತಲೇ ಭಾರವಾಗುತ್ತದೆ. ಭಾರವಾದಷ್ಟೂ ಇನ್ನೂ ಕೆಳಗೆ ಹೋಗುತ್ತದೆ. ಅದೂ ಅಲ್ಲದೆ ಅಲ್ಲಲ್ಲಿ ಕಟ್ಟಿದ ಒಂದೊಂದು ಬೆಂಡೂ ಕೊಂಬೆಗೆ ಸಿಕ್ಕಿಕೊಳ್ಳುವ ಒಂದೊಂದು ಗಂಟು.

ನನಗೆ ಹಿಡಿಸಿದ್ದು ಪಾಲಿಪ್ರೊಪಿಲೀನ್ ಹಗ್ಗ. ನೀರಿನ ಸಾಂದ್ರತೆ 1, ಈ ಪ್ಲಾಸ್ಟಿಕ್ಕಿನದು 0.91. ಅಂದರೆ ಒಳಗೆ ಗಾಳಿಯೇ ಇಲ್ಲದೆ, ತಾನೇ ನೀರಿಗಿಂತ ಹಗುರ. ನಮ್ಮ ಕೆರೆಗಳ ಆಳಕ್ಕೆ ಅದು ಕುಗ್ಗುವ ಪ್ರಶ್ನೆಯೇ ಇಲ್ಲ. ನೀರನ್ನು ಹೀರಿಕೊಳ್ಳುವುದೂ ಇಲ್ಲ ಅನ್ನಬಹುದು. ನೈಲಾನ್ 1.14, ಪಾಲಿಯೆಸ್ಟರ್ 1.38, ಎರಡೂ ಮುಳುಗುತ್ತವೆ. ಹಾಸನದ ಸಂತೆಪೇಟೆಯಲ್ಲಿ ದನದ ಹಗ್ಗ, ಬಾವಿ ಹಗ್ಗ, ಟಾರ್ಪಾಲು ಕಟ್ಟುವ ಹಗ್ಗ ಎಲ್ಲ ಸಿಗುತ್ತದೆ, ಹೊಳೆಯುವ ಪ್ಲಾಸ್ಟಿಕ್ ಹಗ್ಗಕ್ಕೆಲ್ಲ ನೈಲಾನ್ ಅಂತಲೇ ಹೇಳಿ ಕೊಡುತ್ತಾರೆ. ಹಾಗಾಗಿ ಒಂದು ಬೆರಳುದ್ದ ತುಂಡು ಕೇಳಿ ಇಸ್ಕೊಂಡು, ನೀರಿನ ಲೋಟದಲ್ಲಿ ಹಾಕಿ ನೋಡಬೇಕು. ಒಂದು ಹನಿ ಸೋಪಿನ ನೀರು ಬಿಡುವುದನ್ನು ಮರೆಯಬೇಡಿ. ಎಳೆಗಳ ನಡುವೆ ಗಾಳಿಯ ಗುಳ್ಳೆ ಉಳಿದರೆ ಮುಳುಗುವ ಹಗ್ಗವೂ ತೇಲಿ ಮೋಸ ಮಾಡುತ್ತದೆ.

ಬೇಕಾಗಿದ್ದು ಹೊಸೆದ ಹಗ್ಗ ಅಲ್ಲ, ಹೆಣೆದ ಹಗ್ಗ. ಹೆಣೆದದ್ದರಲ್ಲಿ ಒಳಗೆ ಟೊಳ್ಳು ಇರುತ್ತದೆ, ಇಲ್ಲವೇ ಅಗ್ಗದ ನಾರು ತುಂಬಿರುತ್ತಾರೆ, ಅದನ್ನು ಎಳೆದು ತೆಗೆಯಬಹುದು. ಎಂಟು ಮಿಲಿಮೀಟರಿನದು ಮೀಟರಿಗೆ ಸುಮಾರು 30 ಗ್ರಾಂ ತೂಗಿತು. 0.91 ಸಾಂದ್ರತೆಯಲ್ಲಿ ಅಷ್ಟು ಪ್ಲಾಸ್ಟಿಕ್ಕು ತಳ್ಳುವ ನೀರು 33 ಗ್ರಾಂ. ಮೇಲಕ್ಕೆ ಎತ್ತುವ ಬಲ ಮೂರು ಗ್ರಾಂ. ತಂತಿಯ ಭಾರವೂ ಮೂರು ಗ್ರಾಂ! ಈ ಲೆಕ್ಕ ಕೂಡಿ ಬಂದಾಗ ನನಗಾದ ಖುಷಿ ಪಕ್ಕದಲ್ಲಿದ್ದವರಿಗೆ ಅರ್ಥವಾಗಲಿಲ್ಲ. ಬೆಂಡು ಬೇಡ, ಗಂಟು ಬೇಡ, ನುಣುಪಾದ ಒಂದೇ ಹಗ್ಗ.

ಈ ಲೆಕ್ಕ ಸಿಹಿನೀರಿನದು. ಸಮುದ್ರದ ನೀರು ಶೇಕಡಾ ಎರಡೂವರೆಯಷ್ಟು ಭಾರ, ಹಾಗಾಗಿ ಅಲ್ಲಿ ಇದೇ ಹಗ್ಗ ಮೀಟರಿಗೆ ಇನ್ನೊಂದು ಗ್ರಾಂನಷ್ಟು ಹೆಚ್ಚು ತೇಲುತ್ತದೆ. ಸಮುದ್ರಕ್ಕೆ ಅಂತ ತೂಗಿದ ಕೇಬಲ್ಲನ್ನು ತಂದು ಹೇಮಾವತಿಗೆ ಬಿಟ್ಟರೆ ಮುಳುಗಲು ಶುರುವಾಗುವುದು ಇದಕ್ಕೇ.

ಹಗ್ಗದೊಳಗೆ ತಂತಿ ಏರಿಸುವುದು ಲಂಗಕ್ಕೆ ಲಾಡಿ ಪೋಣಿಸಿದ ಹಾಗೇನೇ. ತಂತಿಯ ತುದಿಗೆ ಮೊಂಡು ಮೂತಿಯ ಒಂದು ಕಡ್ಡಿ ಕಟ್ಟಿ, ಹಗ್ಗವನ್ನು ಒಂದು ಮೊಳ ಸುಕ್ಕಾಗಿ ಹಿಂದಕ್ಕೆ ತಳ್ಳಿ, ಕಡ್ಡಿ ಹಿಡಿದು, ಸುಕ್ಕು ಬಿಡಿಸಿ, ಮತ್ತೆ ಮುಂದೆ. ಬೇಸರದ ಕೆಲಸ. ಮಾತಾಡಲು ಯಾರಾದರೂ ಜೊತೆಗಿದ್ದರೆ ಸಾಗುತ್ತದೆ. ಮನೆಯಲ್ಲಿ ಈ ಕೆಲಸದಲ್ಲಿ ನನಗಿಂತ ಚಿಕ್ಕಮ್ಮನ ಕೈ ಜೋರು.

ಹೆಣೆದ ಹಗ್ಗಕ್ಕೆ ಒಂದು ಗುಣವಿದೆ. ತಳ್ಳಿದರೆ ಗಿಡ್ಡವಾಗಿ ದಪ್ಪ ಆಗುತ್ತದೆ. ಎಳೆದರೆ ಉದ್ದವಾಗಿ ಸಣ್ಣಗಾಗಿ, ಒಳಗಿರುವುದನ್ನು ಬಿಗಿ ಹಿಡಿಯುತ್ತದೆ. ಹಗ್ಗ ಹಿಗ್ಗುತ್ತದೆ, ತಾಮ್ರ ಅಷ್ಟು ಹಿಗ್ಗುವುದಿಲ್ಲ. ಎರಡೂ ಒಂದೇ ಉದ್ದ ಇದ್ದರೆ ಜೋರಾಗಿ ಎಳೆದಾಗ ಮೊದಲು ಬಿಗಿಯಾಗುವುದು ತಂತಿ, ಮೊದಲು ಸಾಯುವುದೂ ಅದೇ. ಹಾಗಾಗಿ 30 ಮೀಟರ್ ಹಗ್ಗಕ್ಕೆ ಒಂದೂವರೆ ಮೀಟರ್ ತಂತಿ ಹೆಚ್ಚಿಗೆ ತುರುಕಬೇಕು, ಅಲ್ಲಲ್ಲಿ ಸಡಿಲ ಉಳಿಯುವ ಹಾಗೆ.

ಈ ಮಾತನ್ನು ನನಗೆ ಮೊದಲು ಹೇಳಿದ್ದು ಯಾವ ಎಂಜಿನಿಯರಿಂಗ್ ಪುಸ್ತಕವೂ ಅಲ್ಲ, ಬೋರ್‌ವೆಲ್ ಮೋಟಾರ್ ಬಿಡುವ ಅಣ್ಣ. ಅವರು ಸಬ್‌ಮರ್ಸಿಬಲ್ ಮೋಟಾರನ್ನು ನೂರಾರು ಅಡಿ ಕೆಳಗೆ ಬಿಡುವಾಗ ನೋಡಿ. ಮೋಟಾರಿನ ಭಾರ ಪೈಪಿನ ಮೇಲೆ. ಪೈಪು ಕೈ ಕೊಟ್ಟರೆ ಅಂತ ಪಕ್ಕದಲ್ಲಿ ಹಗ್ಗ. ಚಪ್ಪಟೆ ಕೇಬಲ್ಲನ್ನು ಪೈಪಿಗೆ ಅಲ್ಲಲ್ಲಿ ಕಟ್ಟುತ್ತಾ ಬರುತ್ತಾರೆ, ಸ್ವಲ್ಪ ಸಡಿಲ ಬಿಟ್ಟು. "ವೈರ್ ಮೇಲೆ ಲೋಡ್ ಬಿತ್ತು ಅಂದ್ರೆ ನಾಳೆ ಮತ್ತೆ ಮೋಟಾರ್ ಎತ್ತೋದೇ ಸರ್," ಅಂದರು. ನೀರೊಳಗೆ ಉಳಿಯುವ ಜಾಯಿಂಟ್ ಹೇಗೆ ಮಾಡಬೇಕು ಅನ್ನುವುದರಲ್ಲಿ ನಮ್ಮ ಜಿಲ್ಲೆಗಳಲ್ಲಿ ಇವರಷ್ಟು ಅನುಭವ ಇನ್ಯಾರಿಗೂ ಇಲ್ಲ ಅಂತ ನನ್ನ ನಂಬಿಕೆ. ಹವ್ಯಾಸಕ್ಕೆ ವಾಹನ ಕಟ್ಟುವ ಹುಡುಗರು ಪರದೇಶದ ವಿಡಿಯೋ ನೋಡುವ ಮೊದಲು ಊರಿನ ಮೋಟಾರ್ ಅಂಗಡಿಯ ಮುಂದೆ ಅರ್ಧ ದಿನ ಕೂರುವುದು ವಾಸಿ.

ವಾಹನದ ತುದಿಯಲ್ಲಿ ಅವರ ನಿಯಮವನ್ನೇ ಇಟ್ಟೆ. ಹಗ್ಗದ ಹೆಣಿಗೆಯನ್ನು ಕತ್ತರಿಸದೆ, ಪೆನ್ನಿನ ಮೂತಿಯಲ್ಲಿ ಎಳೆಗಳನ್ನು ಅಗಲಿಸಿ, ತಂತಿಯನ್ನು ಪಕ್ಕದಿಂದ ಹೊರಗೆ ತೆಗೆಯಬೇಕು. ಹಗ್ಗ ಅಲ್ಲಿಂದ ಮುಂದುವರಿದು ಚೌಕಟ್ಟಿಗೆ ಒಂದು ಕುಣಿಕೆಯಾಗುತ್ತದೆ. ಕುಣಿಕೆಯ ತುದಿಯನ್ನು ವಾಪಸ್ ಹಗ್ಗದ ಹೊಟ್ಟೆಯೊಳಗೇ ಒಂದು ಮೊಳ ಹೂತುಬಿಟ್ಟರೆ, ಎಳೆದಷ್ಟೂ ಬಿಗಿಯಾಗುತ್ತದೆ. ತುದಿಯನ್ನು ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಿದರೆ ಆಯಿತು. ಎಳೆತ ಪೂರ್ತಿ ಹಗ್ಗದಿಂದ ಚೌಕಟ್ಟಿಗೆ ಹೋಗುತ್ತದೆ, ತಂತಿ ಸುಮ್ನೆ ಜೋತುಕೊಂಡು ಡಬ್ಬಿಗೆ ಸೇರುತ್ತದೆ. ದಡದಲ್ಲೂ ಹೀಗೇ. ಹಗ್ಗ ಗೂಟಕ್ಕೆ, ತಂತಿ ಲ್ಯಾಪ್‌ಟಾಪಿಗೆ. ಯಾರಾದರೂ ಎಡವಿದರೆ ಲ್ಯಾಪ್‌ಟಾಪು ಕೆರೆಗೆ ಹೋಗಬಾರದಲ್ಲ.

ಎಳೆಗಳಿರುವ ತಂತಿಗೆ ಒಂದು ಕೆಟ್ಟ ಬುದ್ಧಿ ಇದೆ. ಎಲ್ಲೋ ಒಂದು ಕಡೆ ಗೀರು ಬಿದ್ದರೆ ನೀರು ಎಳೆಗಳ ನಡುವಿನ ಸಂದಿಯಲ್ಲೇ ಹರಿದು ನೇರ ಡಬ್ಬಿಯೊಳಗೆ ಬರುತ್ತದೆ. ಹೊರಗಿಂದ ಎಷ್ಟು ಅಂಟು ಬಳಿದರೂ ಪ್ರಯೋಜನವಿಲ್ಲ. ಡಬ್ಬಿಗೆ ಹೋಗುವ ಮೊದಲು ಬೆರಳಗಲ ಪ್ಲಾಸ್ಟಿಕ್ ಸುಲಿದು, ಬರೀ ತಾಮ್ರಕ್ಕೆ ಬೆಸುಗೆ ತುಂಬಿ, ಎಳೆಗಳ ನಡುವಿನ ಸಂದಿ ಮುಚ್ಚಿ, ಆ ಜಾಗವನ್ನು ಅರಾಲ್ಡೈಟ್ ಅಂಟಿನಲ್ಲಿ ಮುಳುಗಿಸಿ ಗಟ್ಟಿ ಮಾಡಬೇಕು. ಎರಡು ತಂತಿ ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ಹಿಡಿದು.

ಬಣ್ಣದ ಬಗ್ಗೆ ಒಂದು ಮಾತು. ಸಮುದ್ರದಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಯವಾಗುವುದು ಕೆಂಪು. ಎಲೆ ಕೊಳೆತ ನಮ್ಮ ತೋಟದ ಕೆರೆಯಲ್ಲಿ ಉಲ್ಟಾ, ಮೊದಲು ಹೋಗುವುದು ನೀಲಿ. ಅಂಗಡಿಯಲ್ಲಿ ಚೆಂದ ಕಾಣುವ ನೀಲಿ ಹಗ್ಗ ಅಲ್ಲಿ ಕಪ್ಪು ಗೆರೆ ಅಷ್ಟೆ. ಹಳದಿ ಅಥವಾ ಕೇಸರಿ ತಗೊಳ್ಳಿ. ಪಾಲಿಪ್ರೊಪಿಲೀನಿಗೆ ಬಿಸಿಲು ಆಗುವುದಿಲ್ಲ, ಕೆಲಸ ಮುಗಿದ ಮೇಲೆ ಕೆಸರು ತೊಳೆದು ನೆರಳಲ್ಲಿ ಒಣಗಿಸಬೇಕು. ಹೆಣಿಗೆಯೊಳಗೆ ಕೂತ ಕೆಸರು ಭಾರವನ್ನೂ ಹೆಚ್ಚಿಸುತ್ತದೆ, ಮರಳುಕಾಗದ ಉಜ್ಜಿದಂತೆ ಒಳಗಿನ ತಂತಿಯನ್ನೂ ಸವೆಸುತ್ತದೆ.

ಕೆರೆಗೆ ಬಿಟ್ಟಾಗ ಹಗ್ಗ ಕಾಗದದ ಮಾತನ್ನು ಬಹುಪಾಲು ಉಳಿಸಿಕೊಂಡಿತು. ನೀರಿನ ಮೇಲ್ಮೈಯಿಂದ ಸ್ವಲ್ಪ ಕೆಳಗೆ ನಿಂತು, ನಿಧಾನಕ್ಕೆ, ಬಹಳ ನಿಧಾನಕ್ಕೆ ಇಳಿಯುತ್ತಿತ್ತು. ವಾಹನದ ಹತ್ತಿರದ ಎರಡು ಮೀಟರ್ ಮಾತ್ರ ಸ್ವಲ್ಪ ಮೇಲಕ್ಕೆ ಎಳೆಯಲಿ ಅಂತ ಅಲ್ಲಿ ಹೆಣಿಗೆಯ ಒಳಗೇ ತೆಳ್ಳಗಿನ ಬ್ಯಾಕರ್ ರಾಡ್ ಸೇರಿಸಿದ್ದೆ. ಅಷ್ಟುದ್ದಕ್ಕೆ ಫೋಮ್ ಕುಗ್ಗಿದರೂ ನಷ್ಟವಿಲ್ಲ. ಹಗ್ಗ ಹಿಂದಕ್ಕೆ ಮೇಲಕ್ಕೆ ಏರಿ ಹೋದರೆ ಮೋಟಾರಿನ ರೆಕ್ಕೆಗೆ ಸಿಕ್ಕುವುದಿಲ್ಲ.

ವಾಹನ ನಡೆಸುವವನಷ್ಟೇ ಕೆಲಸ ಹಗ್ಗ ಬಿಡುವವನಿಗೂ ಇದೆ. ಹಗ್ಗವನ್ನು ಸುರುಳಿ ಸುತ್ತಿದರೆ ಬಿಡುವಾಗ ತಿರುಚಿಕೊಳ್ಳುತ್ತದೆ. ಎಂಟರ ಆಕಾರದಲ್ಲಿ ಕಾಫಿ ಕುಯ್ಯುವ ಬುಟ್ಟಿಗೆ ಹಾಕಿದರೆ ಸಲೀಸಾಗಿ ಬರುತ್ತದೆ. ಮೀಟರಿಗೊಂದು ಬಣ್ಣದ ದಾರ ಹೊಲಿದರೆ ಎಷ್ಟು ಹೋಯಿತು ಅಂತ ತಿಳಿಯುತ್ತದೆ. ತೋಟದ ಮೇಸ್ತ್ರಿ ಹಗ್ಗ ಹಿಡಿದಿದ್ದರು. ಗಾಳ ಹಾಕಿ ರೂಢಿ ಇರುವ ಕೈ. ನಾನು ಪರದೆಯಲ್ಲಿ ಏನೂ ಕಾಣದೆ ಪರದಾಡುತ್ತಿದ್ದಾಗ, "ಸ್ವಲ್ಪ ತಡೀರಿ, ಎಲ್ಲೋ ಮುಟ್ತಾ ಇದೆ," ಅಂದರು. ವಾಹನ ನಿಲ್ಲಿಸಿ ಹಿಂದಕ್ಕೆ ತಿರುಗಿಸಿದರೆ, ಹಳದಿ ಹಗ್ಗ ಒಂದು ಹಳೇ ಬೊಡ್ಡೆಯ ಮೇಲೆ ಹಾದಿತ್ತು. ಸಿಕ್ಕಾಗ ಜೋರಾಗಿ ಎಳೆಯಬಾರದು. ಹೋದ ದಾರಿಯಲ್ಲೇ, ಹಗ್ಗವನ್ನೇ ನೋಡಿಕೊಂಡು ವಾಪಸ್ ಬರಬೇಕು. ಹಗ್ಗ ಕಣ್ಣಿಗೆ ಕಾಣಬೇಕು ಅನ್ನುವುದು ಇದಕ್ಕೇ.

ಫುಟ್‌ವಾಲ್ವ್ ಮುರಿದಿರಲಿಲ್ಲ. ಜಾಲರಿಯ ಅರ್ಧಕ್ಕೆ ಎಲೆ ಮೆತ್ತಿತ್ತು, ಪೈಪು ಒಂದು ಕಡೆ ವಾಲಿತ್ತು. ಮೇಲಿಂದಲೇ ಪೈಪನ್ನು ಎತ್ತಿ, ಜಾಡಿಸಿ, ತೇಲುವ ಒಂದು ಖಾಲಿ ಡ್ರಮ್ಮಿನ ಅಡಿಯಲ್ಲಿ ತೂಗುಹಾಕಿದರು. ಯಾರೂ ನೀರಿಗೆ ಇಳಿಯಲಿಲ್ಲ.

ಇದಾದ ಮೇಲೆ ಶೆಟ್ಟಿಹಳ್ಳಿ ಚರ್ಚು ಮಳೆಗಾಲದಲ್ಲಿ ಮುಳುಗಿದಾಗ ಒಳಗೆ ಬಿಟ್ಟು ವಿಡಿಯೋ ಮಾಡು ಅನ್ನುವವರು ಶುರುವಾಗಿದ್ದಾರೆ. ಗೊರೂರಿನ ಹಿನ್ನೀರು, ಮೀನಿನ ಬಲೆ, ಕಮಾನು, ಮುರಿದ ಗೋಡೆ. ಹಗ್ಗ ಸಿಕ್ಕಿಕೊಳ್ಳಲಿಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಾರದು. ಮೊದಲೇ ಕುಸಿಯುತ್ತಿರುವ ಕಟ್ಟಡವನ್ನು ಹಗ್ಗದಿಂದ ಉಜ್ಜುವುದೂ ನನಗೆ ಬೇಡ.

ಚಿಕ್ಕಪ್ಪನ ಬೇಡಿಕೆ ಬೇರೆ. ಪಕ್ಕದ ತೋಟದ ದೊಡ್ಡ ಕೆರೆಗೆ 60 ಮೀಟರ್ ಬೇಕಂತೆ. ಉದ್ದ ಎರಡರಷ್ಟಾದರೆ ಎಳೆತವೂ ಎರಡರಷ್ಟು. ಮೋಟಾರು ದೊಡ್ಡದು ಮಾಡುವ ಬದಲು ಹಗ್ಗ ಸಣ್ಣದು ಮಾಡೋಣ ಅಂದರೆ, ದಪ್ಪ ಅರ್ಧ ಮಾಡಿದಾಗ ಎಳೆತ ಅರ್ಧವಾಗುತ್ತದೆ, ತೇಲಿಸುವ ಬಲ ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ. ತಂತಿ ಅಷ್ಟೇ ಭಾರ. ಹಾಗಾದರೆ ತಂತಿಯನ್ನೂ ಇನ್ನೂ ತೆಳ್ಳಗಿನ 28 ಗೇಜಿಗೆ ಇಳಿಸಬೇಕು. ಸಿಗ್ನಲ್ಲಿಗೆ ಮಾತ್ರ ಆದ್ದರಿಂದ ಅದು ನಡೆಯಬಹುದು. ಐದು ಮಿಲಿಮೀಟರಿನ ಹೆಣೆದ ಹಗ್ಗ, ಹಳದಿಯದು, ಒಳಗೆ ಟೊಳ್ಳಿರುವುದು. ಮುಂದಿನ ವಾರ ಸಂತೆಪೇಟೆಗೆ ಹೋಗಿ ಕೇಳುತ್ತೇನೆ. ಸೋಪಿನ ನೀರಿನ ಸಣ್ಣ ಬಾಟಲಿ ಬ್ಯಾಗಿನಲ್ಲೇ ಇದೆ.